‘ಅಂತಾರಾಷ್ಟ್ರೀಯ ಮಟ್ಟದ ಭದ್ರತೆ’ ಬಾಡಿಗೆಗೆ: ಕಾರವಾರದ ಕಬಡ್ಡಿ ಅಂಗಳದಲ್ಲಿ ಒಂದು ಪ್ಯಾಕೇಜಿನ ವಿಮರ್ಶೆ

ಮಳೆಗಾಲ ಕಳೆದು ಗದ್ದೆ ಒಣಗಿತೆಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಕಡೆಗೂ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಬ್ಯಾನರ್ ಏಳುತ್ತವೆ. ಶಾಮಿಯಾನ, ಲೈಟು, ಮೈಕು, ಜನರೇಟರ್ ಜೊತೆಗೆ ಈಗ ಬಾಡಿಗೆ ಪಟ್ಟಿಯಲ್ಲಿ ಇನ್ನೊಂದು ಬಾಬತ್ತು ಸೇರಿಕೊಂಡಿದೆ: ಸೆಕ್ಯೂರಿಟಿ ಪ್ಯಾಕೇಜ್. ಕರಪತ್ರದ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಅಂತಾರಾಷ್ಟ್ರೀಯ ಮಟ್ಟದ ಭದ್ರತೆ’ ಎಂದಿರುತ್ತದೆ. ಅಷ್ಟು ದೊಡ್ಡ ಮಾತು ಹೇಳಿದ ಮೇಲೆ ಅದೇ ಅಳತೆಗೋಲಿನಲ್ಲಿ ಅಳೆಯುವುದು ನ್ಯಾಯ. ಕಾರವಾರದ ಕಡಲತೀರದ ಮರಳಿನಲ್ಲಿ ಎರಡು ರಾತ್ರಿ ನಡೆದ ಒಂದು ಪಂದ್ಯಾವಳಿಯಲ್ಲಿ ಈ ಪ್ಯಾಕೇಜ್ ಹೇಗೆ ಕೆಲಸ ಮಾಡಿತು ಎಂಬುದು ಇಲ್ಲಿದೆ. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಇದೇ ಸಾಮಾನು, ಇದೇ ಮಾತು ಬೇರೆಯವರ ಹತ್ತಿರವೂ ಸಿಗುತ್ತದೆ.

ಬಂದದ್ದು ಇಷ್ಟು: ಎರಡು ಮೆಟಲ್ ಡಿಟೆಕ್ಟರ್ ಬಾಗಿಲು, ನಾಲ್ಕು ಕೈ ಡಿಟೆಕ್ಟರ್, 2 ಮೀಟರ್ ಉದ್ದದ 80 ಕಬ್ಬಿಣದ ಬ್ಯಾರಿಕೇಡ್, 24 ಗಾರ್ಡ್‌ಗಳು, ಕಪ್ಪು ಟೀ ಶರ್ಟಿನ 6 ಬೌನ್ಸರ್‌ಗಳು, 8 ಕ್ಯಾಮೆರಾ, 10 ವಾಕಿಟಾಕಿ, ಒಂದು ಡ್ರೋನ್. ಸಂಘಟಕರ ಅಂದಾಜು 5,000 ಜನ. ಫುಟ್‌ಬಾಲ್ ಲೋಕದಲ್ಲಿ ಸಾಮಾನ್ಯ ಪಂದ್ಯಕ್ಕೆ 250 ಪ್ರೇಕ್ಷಕರಿಗೆ ಒಬ್ಬ, ಅಪಾಯ ಹೆಚ್ಚಿದ್ದರೆ 100 ಜನರಿಗೆ ಒಬ್ಬ ಸಿಬ್ಬಂದಿ ಎಂಬ ಲೆಕ್ಕ ಬಳಕೆಯಲ್ಲಿದೆ. ಸಾಮಾನ್ಯ ಪಂದ್ಯದ ಲೆಕ್ಕಕ್ಕೆ ಇಲ್ಲಿನ ತಲೆ ಎಣಿಕೆ ಕಡಿಮೆಯೇನಲ್ಲ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಸಾಮಾನು ಪರವಾಗಿಲ್ಲ, ಜನ ಸಾಧಾರಣ, ಯೋಜನೆ ಎಂಬುದು ಇಲ್ಲವೇ ಇಲ್ಲ. ಸಂಘಟಕರ ದುಡ್ಡು ಹೋದದ್ದು ಮಾತ್ರ ಇದೇ ಕ್ರಮದಲ್ಲಿ, ಸಾಮಾನಿಗೆ ಹೆಚ್ಚು, ಯೋಜನೆಗೆ ಸೊನ್ನೆ.

ಮೆಟಲ್ ಡಿಟೆಕ್ಟರ್ ಬಾಗಿಲಿನಿಂದ ಶುರು ಮಾಡೋಣ, ಏಕೆಂದರೆ ಫೋಟೋ ತೆಗೆಸಿಕೊಳ್ಳಲು ಎಲ್ಲರೂ ನಿಲ್ಲುವುದು ಅದರ ಮುಂದೆಯೇ. ಎರಡನ್ನೂ ಮರಳಿನ ಮೇಲೆ ಹಾಗೇ ನಿಲ್ಲಿಸಿದ್ದರು. ಜನ ನಡೆದಂತೆ ಮರಳು ಕುಸಿಯುತ್ತದೆ, ಕಂಬ ಅಲುಗಾಡುತ್ತದೆ, ಅಲುಗಾಡಿದ ಕಂಬ ಲೋಹ ಇಲ್ಲದಿದ್ದರೂ ಕೂಗುತ್ತದೆ. ಕಂಬದ ಪಕ್ಕಕ್ಕೇ, ಒಂದು ಗೇಣು ದೂರದಲ್ಲಿ, ಕಬ್ಬಿಣದ ಬ್ಯಾರಿಕೇಡ್ ತಾಗಿಸಿದ್ದರು. ಯಾರಾದರೂ ಅದಕ್ಕೆ ಒರಗಿದರೆ ಮತ್ತೆ ಕೂಗು. ಎರಡು ಬಾಗಿಲು ಒತ್ತೊತ್ತಿಗೆ ಇದ್ದದ್ದರಿಂದ ಒಂದರ ತರಂಗ ಇನ್ನೊಂದಕ್ಕೆ ತಗಲುತ್ತಿತ್ತು. ಹೀಗೆ ಜೋಡಿಯಾಗಿ ಇಡುವುದಾದರೆ ಎರಡಕ್ಕೂ ಬೇರೆ ಬೇರೆ ಫ್ರೀಕ್ವೆನ್ಸಿ ಸೆಟ್ ಮಾಡಬೇಕು, ಮೆನುವಿನಲ್ಲಿ ಅದಕ್ಕೆ ಜಾಗ ಇರುತ್ತದೆ. ಜನರೇಟರಿನ ವೋಲ್ಟೇಜ್ ಇಳಿದಾಗಲೆಲ್ಲ ಯಂತ್ರ ಬಂದ್ ಆಗಿ ಮತ್ತೆ ಚಾಲೂ ಆಗುತ್ತಿತ್ತು. ಇದು ಎಳೆಯುವ ಕರೆಂಟು ಒಂದು ಬಲ್ಬಿನಷ್ಟು, ಕಂಪ್ಯೂಟರಿಗೆ ಇಡುವ ಸಣ್ಣ ಯುಪಿಎಸ್ ಸಾಕು. ಯಾರೂ ತಂದಿರಲಿಲ್ಲ.

ಕೂಗು ನಿಲ್ಲದಿದ್ದಾಗ ಗಾರ್ಡ್ ಮಾಡಿದ ಕೆಲಸ ನೋಡುವಂತಿತ್ತು: ಸೆನ್ಸಿಟಿವಿಟಿ ಇಳಿಸಿದ, ಮತ್ತೆ ಇಳಿಸಿದ, ಕಡೆಗೆ ಸ್ಪೀಕರಿನ ಬಾಯಿಗೆ ಟೇಪ್ ಅಂಟಿಸಿದ. ಒಂಬತ್ತು ಗಂಟೆಯ ಹೊತ್ತಿಗೆ ಅದು ದೀಪ ಮಿನುಗುವ ಸ್ವಾಗತ ಕಮಾನು. ಸರಿಯಾದ ಕ್ರಮ ಕಷ್ಟದ್ದಲ್ಲ. 18 ಮಿಲಿಮೀಟರ್ ಪ್ಲೈವುಡ್ ಹಲಗೆ ಹಾಸಿ, ಕಂಬಗಳನ್ನು ಅದಕ್ಕೆ ಬಿಗಿಸಬೇಕು. ಅತ್ತಿತ್ತ ಒಂದು ಮೀಟರ್ ಒಳಗೆ ಕಬ್ಬಿಣ ಇರಬಾರದು. ಆ ಜಾಗಕ್ಕೆ ಬಿದಿರು, ಹಗ್ಗ ಸಾಕು. ಪ್ರತಿ ಪಾಳಿಯ ಮೊದಲು ಒಬ್ಬನ ಕೈಗೆ ಗೊತ್ತಿರುವ ಒಂದು ಕಬ್ಬಿಣದ ತುಂಡು ಕೊಟ್ಟು ಕಾಲಿನ ಹತ್ತಿರ, ಸೊಂಟದಲ್ಲಿ, ತಲೆಯ ಎತ್ತರದಲ್ಲಿ ಹಿಡಿದು ದಾಟಿಸಬೇಕು. ಮೂರೂ ಸಲ ಕೂಗಿದರೆ ಆ ಸೆಟ್ಟಿಂಗ್ ಬರೆದಿಟ್ಟು ಬೀಗ ಹಾಕಬೇಕು. ಕಡಲ ಗಾಳಿಗೆ ಕನೆಕ್ಟರ್ ಹಸಿರುಗಟ್ಟುತ್ತದೆ, ಪ್ರತಿ ಸಂಜೆ ಒರೆಸಲೇಬೇಕು. ಒಂದು ಮಾತು ನೆನಪಿರಲಿ, ಈ ಬಾಗಿಲು ಲೋಹ ಮಾತ್ರ ಹಿಡಿಯುತ್ತದೆ. ಪೆಟ್ರೋಲ್ ಬಾಟಲಿಗೂ ಪಟಾಕಿಗೂ ಅದು ಕುರುಡು.

ಲೋಹ ಸಿಕ್ಕ ಮೇಲೆ ಏನು ಎಂಬುದಕ್ಕೂ ಉತ್ತರ ಇರಲಿಲ್ಲ. ಸೀಯಾಳ ಮಾರುವವನನ್ನು ತಡೆದು ಗಾರ್ಡ್ ಹೇಳಿದ, “ಅಣ್ಣ, ಕತ್ತಿ ಒಳಗೆ ಬಿಡೂಕಾಗೂದಿಲ್ಲ.” ಆತ ಕೇಳಿದ, “ಕತ್ತಿ ಬಿಟ್ಟು ಬಂದ್ರೆ ಸೀಯಾಳ ಎಂತದ್ರಲ್ಲಿ ಕೆತ್ತೂದು ಮಾರಾಯಾ?” ಇಬ್ಬರ ಮಾತೂ ಸರಿ. ಒಳಗಿನ ಅಂಗಡಿಯವರಿಗೆ ಬೇರೆ ಗೇಟು, ಬೇರೆ ಸಮಯ, ಪಂದ್ಯಕ್ಕೆ ಎರಡು ಗಂಟೆ ಮೊದಲೇ ಸಾಮಾನು ಒಳಗೆ, ಕತ್ತಿಗೆ ಚೀಟಿ ನಂಬರು. ದೊಡ್ಡ ಕ್ರೀಡಾಕೂಟಗಳಲ್ಲಿ ಪಾಸಿಗೆ ಬಣ್ಣ ಹಚ್ಚಿ ಅಡುಗೆಯವರು, ಕ್ಯಾಮೆರಾದವರು, ಆಟಗಾರರು ಎಂದು ಬೇರ್ಪಡಿಸುವುದರ ಹುರುಳು ಇಷ್ಟೇ.

ಈಗ ಗೇಟಿನ ಲೆಕ್ಕ. ವಿಮರ್ಶೆಯ ತಿರುಳು ಇಲ್ಲಿದೆ. ಕೈ ಡಿಟೆಕ್ಟರ್ ಆಡಿಸಿ ಚೀಲ ನೋಡಲು ಒಬ್ಬರಿಗೆ 10 ಸೆಕೆಂಡು ಹಿಡಿದರೆ ಒಂದು ಬಾಗಿಲಲ್ಲಿ ಗಂಟೆಗೆ 360 ಜನ, ಎರಡರಲ್ಲಿ 720. ನಮ್ಮ ಕಡೆ ಜನ ಊಟ ಮುಗಿಸಿ ಬರುತ್ತಾರೆ. 8ರಿಂದ 9ರ ಒಳಗೆ 3,000 ಮಂದಿ ಗೇಟಿಗೆ ಬಂದರು. 3,000ವನ್ನು 720ರಿಂದ ಭಾಗಿಸಿದರೆ ನಾಲ್ಕು ಗಂಟೆ ಮೀರುತ್ತದೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಮುಕ್ಕಾಲು ಗಂಟೆಯಲ್ಲಿ ತಪಾಸಣೆ ಕೈಬಿಟ್ಟು ಎಲ್ಲರನ್ನೂ ಒಳಗೆ ಬಿಟ್ಟರು. ಕಟ್ಟುನಿಟ್ಟಾಗಿ ತಪಾಸಣೆ ಮಾಡಿದ್ದು ಬೇಗ ಬಂದ ಮಕ್ಕಳು, ಮುದುಕರನ್ನು. ತಡವಾಗಿ ಬಂದ ಗುಂಪನ್ನು ಮುಟ್ಟಿಯೂ ನೋಡಲಿಲ್ಲ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೊ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೆಟ್ಟದ್ದೂ ಮೊದಲು ಇದೇ ಲೆಕ್ಕ. ಲೆಪಿಂಗ್ಸ್ ಲೇನ್ ಕಡೆ ನಿಂತು ನೋಡುವ ಸುಮಾರು 10,100 ಜನರಿಗೆ 7 ತಿರುಗುಗೇಟು. ಒಂದು ತಿರುಗುಗೇಟಿನಲ್ಲಿ ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿ ‘ಗ್ರೀನ್ ಗೈಡ್’ ಹೇಳುತ್ತದೆ. ಆ ವೇಗದಲ್ಲೂ ಎರಡು ಗಂಟೆ ದಾಟುತ್ತಿತ್ತು. ಹೊರಗೆ ನೂಕುನುಗ್ಗಲು ಹೆಚ್ಚಾಗಿ ದೊಡ್ಡ ಗೇಟು ತೆರೆದರು, ಜನ ಆಗಲೇ ತುಂಬಿದ್ದ, ಬೇಲಿ ಹಾಕಿದ ಅಂಕಣಕ್ಕೆ ನುಗ್ಗಿದರು, ಪಂದ್ಯದ ಸಮಯ ಮುಂದೂಡಲಿಲ್ಲ. ಸತ್ತವರು 97. ನಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣವನ್ನು ನೋಡಿ. 2010ರ ಏಪ್ರಿಲ್ 17ರಂದು ಐಪಿಎಲ್ ಪಂದ್ಯಕ್ಕೆ ಮುಂಚೆ ಅಲ್ಲಿ ಬಾಂಬ್ ಸ್ಫೋಟಗೊಂಡು ಹಲವರು ಗಾಯಗೊಂಡರು, ಪಂದ್ಯ ತಡವಾಗಿಯಾದರೂ ನಡೆಯಿತು. 2025ರ ಜೂನ್ 4ರಂದು ಅದೇ ಕ್ರೀಡಾಂಗಣದ ಗೇಟುಗಳ ಹತ್ತಿರ ಸಂಭ್ರಮಕ್ಕೆ ಬಂದವರ ಕಾಲ್ತುಳಿತದಲ್ಲಿ 11 ಮಂದಿ ತೀರಿಕೊಂಡರು. ಬಾಂಬಿಟ್ಟವನನ್ನು ಹಿಡಿಯುವ ಸಾಮಾನಿಗೆ ಸಂಘಟಕರು ಕಣ್ಣುಮುಚ್ಚಿ ದುಡ್ಡು ಕೊಡುತ್ತಾರೆ, ಗೇಟಿನ ಅಗಲಕ್ಕೆ ಒಂದು ಟೇಪು ಹಿಡಿಯುವವರಿಲ್ಲ.

ಇದೇ ಸಾಮಾನಿಗೆ ಇನ್ನೊಂದು ಬಾಗಿಲು ಸೇರಿಸಿ ಹೀಗೆ ಮಾಡಬಹುದಿತ್ತು. ಚೀಲ ಇಲ್ಲದವರಿಗೆ ಎರಡು ಸಾಲು, ಚೀಲ ಇದ್ದವರಿಗೆ ಒಂದು ಸಾಲು. ಚೀಲ ಇಲ್ಲದವರು 4 ಸೆಕೆಂಡಿಗೆ ಒಬ್ಬರಂತೆ ದಾಟಿದರೆ ಒಂದು ಸಾಲಲ್ಲಿ ಗಂಟೆಗೆ 900, ಎರಡರಲ್ಲಿ 1,800. ಚೀಲದ ಸಾಲಿನ 360 ಸೇರಿ 2,160. ಉಳಿದದ್ದನ್ನು ಸಮಯದಿಂದ ಸರಿಮಾಡಬೇಕು: ಗೇಟು 6ಕ್ಕೇ ತೆರೆದು, ಹೆಣ್ಣುಮಕ್ಕಳ ಪಂದ್ಯ 6.30ಕ್ಕೆ ಇಟ್ಟು, ಲಕ್ಕಿ ಡ್ರಾ ಕೂಪನ್ 7.30ರ ಒಳಗೆ ಬಂದವರಿಗೆ ಮಾತ್ರ ಎಂದರೆ ಅರ್ಧ ಊರು ಬೇಗ ಬರುತ್ತದೆ. ಈ ಉಪಾಯಕ್ಕೆ ಬ್ಯಾಟರಿ ಬೇಡ.

ಹೊರಗೆ ಹೋಗುವ ಲೆಕ್ಕ ಇನ್ನೂ ಗಂಭೀರ. ಗಟ್ಟಿ ಸಮನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 82 ಜನ ಎಂಬುದು ಗ್ರೀನ್ ಗೈಡಿನ ಅಂಕಿ. 8 ನಿಮಿಷದೊಳಗೆ ಎಲ್ಲರೂ ಹೊರಬಿದ್ದಿರಬೇಕು. 82ನ್ನು 8ರಿಂದ ಗುಣಿಸಿದರೆ ಮೀಟರಿಗೆ 656 ಜನ, ಅಂದರೆ 5,000 ಜನಕ್ಕೆ ಸುಮಾರು 7.6 ಮೀಟರ್ ಬೇಕು. ಇಲ್ಲಿ 3 ಮೀಟರಿನ ಎರಡು ಗೇಟು, ಅದೂ ಬಂದ ದಾರಿಯಲ್ಲೇ ವಾಪಸ್. ಡಿಟೆಕ್ಟರ್ ಬಾಗಿಲು, ತಪಾಸಣೆಯ ಮೇಜು ಫೈನಲ್ ಮುಗಿದರೂ ಅಲ್ಲೇ ನಿಂತಿದ್ದವು. ಉಳಿದ ದಾರಿ ಎರಡೂ ಸೇರಿ 3 ಮೀಟರ್, ಲೆಕ್ಕಕ್ಕೆ 20 ನಿಮಿಷ. ಮರಳಿನಲ್ಲಿ ಕಾಲು ಹೂತುಹೋಗುವುದರಿಂದ ಅದಕ್ಕಿಂತಲೂ ಹೆಚ್ಚು. ಸೆಮಿಫೈನಲ್ ಶುರುವಾದಾಗಲೇ ಡಿಟೆಕ್ಟರ್ ಎತ್ತಿ ಪಕ್ಕಕ್ಕಿಡುವುದು ಇಬ್ಬರು ಗಾರ್ಡ್‌ಗಳಿಗೆ ಹತ್ತು ನಿಮಿಷದ ಕೆಲಸ. ಯಾರಿಗೂ ಹೇಳಿರಲಿಲ್ಲ, ಯಾರೂ ಮಾಡಲಿಲ್ಲ.

ಬ್ಯಾರಿಕೇಡುಗಳು ಗಟ್ಟಿಯಾಗಿದ್ದವು, ಇದಕ್ಕೆ ಪೂರ್ತಿ ಅಂಕ. ಆದರೆ ಅವನ್ನು ಒಂದಕ್ಕೊಂದು ಬೈಂಡಿಂಗ್ ವೈರಿನಲ್ಲಿ ಬಿಗಿದಿದ್ದರು. ಎರಡನೇ ರಾತ್ರಿ ಒಬ್ಬ ಹುಡುಗನಿಗೆ ಉಸಿರುಕಟ್ಟಿದಂತಾಗಿ ಹೊರಗೆ ತರಬೇಕಾದಾಗ ತಂತಿ ಬಿಚ್ಚಲು ಕಟ್ಟಿಂಗ್ ಪ್ಲೇಯರ್ ಹುಡುಕಿದರು. ಅದು ಲೈಟಿನವರ ವ್ಯಾನಿನಲ್ಲಿತ್ತು. ಬ್ಯಾರಿಕೇಡಿನ ತಲೆಯ ಮೇಲಿಂದ ಎತ್ತಿ ದಾಟಿಸಿದರು. ಪ್ರತಿ ಹತ್ತು ಮೀಟರಿಗೊಂದು ಕಡೆ ತಂತಿ ಬೇಡ, ಕೊಕ್ಕೆ ಅಥವಾ ಸಡಿಲ ಗಂಟಿನ ಹಗ್ಗ ಇರಲಿ, ಅದಕ್ಕೆ ಹಳದಿ ಬಟ್ಟೆ ಕಟ್ಟಲಿ, ಅಲ್ಲಿ ನಿಲ್ಲುವ ಗಾರ್ಡಿಗೆ ಕಣ್ಣುಮುಚ್ಚಿ ಬಿಚ್ಚಲು ಬರಲಿ. ಬ್ಯಾರಿಕೇಡಿನ ಅಡ್ಡಗಾಲು ಜನರ ಕಡೆ ಚಾಚಿದರೆ ಎಡವುತ್ತಾರೆ. ಮರಳಿನಲ್ಲಾದರೆ ಕಾಲಿನ ಕೆಳಗೆ ಹಲಗೆ ತುಂಡು ಬೇಕು, ಇಲ್ಲವಾದರೆ ಒಂದು ರಾತ್ರಿಗೆ ನಾಲ್ಕು ಬೆರಳು ಇಳಿಯುತ್ತದೆ.

ಟ್ಯಾಗೋರ್ ಕಡಲತೀರದಂಥ ಜಾಗದಲ್ಲಿ ಅಂಗಳ ಮಾಡುವವರಿಗೆ ಇನ್ನೊಂದು ತೊಡಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ರಾಷ್ಟ್ರೀಯ ಹೆದ್ದಾರಿ 66. ಜನಕ್ಕೆ ಹೊರಗೆ ಹೋಗಲು ನಿಜವಾಗಿ ಇರುವುದು ಒಂದೇ ದಿಕ್ಕು, ಅಲ್ಲೂ ಲಾರಿ ಓಡುತ್ತಿರುತ್ತವೆ. ಇಳಿತದ ಹೊತ್ತಿನಲ್ಲಿ ನೀರಿನ ಅಂಚಿಗೆ ಬ್ಯಾರಿಕೇಡ್ ಇಟ್ಟು ‘ಜಾಗ ಬೇಕಾದಷ್ಟಿದೆ’ ಎಂದವರು ಅಮಾವಾಸ್ಯೆ, ಹುಣ್ಣಿಮೆಯ ಭರತಿ ಏರಿದಾಗ ಏನಾಗುತ್ತದೆ ಎಂದು ಯಾವ ಮೀನುಗಾರರನ್ನು ಕೇಳಿದ್ದರೂ ತಿಳಿಯುತ್ತಿತ್ತು. ದಿನಾಂಕ ನಿಗದಿ ಮಾಡುವ ಮೊದಲೇ ಭರತಿಯ ಸಮಯ ನೋಡಿ. ಸಂಸ್ಥೆಯವರು ಜಾಗ ನೋಡಲು ಬಂದದ್ದು ಮಧ್ಯಾಹ್ನ, ಇಳಿತದಲ್ಲಿ.

ಗಾರ್ಡ್‌ಗಳ ವಿಷಯ. ಸಭ್ಯರು, ಕುಡಿದು ಬಂದವರು ಯಾರೂ ಇಲ್ಲ, ಸಮಯಕ್ಕೆ ಸರಿಯಾಗಿ ಬಂದರು. ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣಕ್ಕೆ 2005ರ ಕಾಯ್ದೆ ಇದೆ. ಕೇಂದ್ರದ ಮಾದರಿ ನಿಯಮದಂತೆ ಹೊಸ ಗಾರ್ಡಿಗೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಆಗಿರಬೇಕು. ಸಂಸ್ಥೆಗೆ ಲೈಸೆನ್ಸ್ ಇತ್ತು, ಕೇಳಿದ ಕೂಡಲೇ ಪ್ರತಿ ಕೊಟ್ಟರು. ಆದರೆ ಬ್ಯಾಂಕಿನ ಬಾಗಿಲು ಕಾಯುವುದು ಬೇರೆ, ಜನಜಂಗುಳಿ ನೋಡಿಕೊಳ್ಳುವುದು ಬೇರೆ. ಕೊನೆಯ ರೇಡ್ ಹೊತ್ತಿಗೆ 24ರಲ್ಲಿ ಬಹುತೇಕ ಎಲ್ಲರೂ ಜನಕ್ಕೆ ಬೆನ್ನು ಹಾಕಿ ಅಂಗಳದತ್ತ ತಿರುಗಿದ್ದರು. ತಪ್ಪು ಅವರದಲ್ಲ, ಆಟ ಹಾಗಿತ್ತು. ಆದರೂ ಫುಟ್‌ಬಾಲ್ ಮೈದಾನದಲ್ಲಿ ಗೋಲು ಬಿದ್ದಾಗಲೂ ಗ್ಯಾಲರಿಯನ್ನೇ ನೋಡುತ್ತ ನಿಂತಿರುವವರ ಸಂಬಳ ಅದಕ್ಕೇ. ಹೆಣ್ಣು ಗಾರ್ಡ್‌ಗಳು ಮೂವರೇ. ಹೆಂಗಸರ ಸಾಲು ಅಲ್ಲಿಯೇ ಕಟ್ಟಿಕೊಂಡಿತು. ಕನಿಷ್ಠ ಎಂಟು ಮಂದಿ, ಪರದೆ ಕಟ್ಟಿದ ಒಂದು ಗೂಡು ಕೇಳಿ ಪಡೆಯಿರಿ. ಗಾರ್ಡ್‌ಗಳಲ್ಲಿ ಅರ್ಧ ಜನಕ್ಕೆ ಕನ್ನಡವೂ ಬರುವುದಿಲ್ಲ, ಕೊಂಕಣಿಯೂ ಬರುವುದಿಲ್ಲ. ‘ಹಿಂದೆ ಸರೀರಿ’ ಎಂದು ಹೇಳಲು ಬಾರದವನ ಕೈ ತಾನಾಗಿ ಲಾಠಿಗೆ ಹೋಗುತ್ತದೆ.

ಒಪ್ಪಂದದಲ್ಲಿ ಬರೆದಷ್ಟು ಜನ ಬರುತ್ತಾರೆಂಬ ಖಾತ್ರಿ ದೊಡ್ಡವರಿಗೂ ಇರುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸಿಗೆ 10,400 ಗಾರ್ಡ್‌ಗಳನ್ನು ಕೊಡುತ್ತೇವೆಂದ ಕಂಪನಿ ಕಡೇ ವಾರಗಳಲ್ಲಿ ಆಗದೆಂದು ಕೈಚೆಲ್ಲಿತು. ಹೆಚ್ಚುವರಿಯಾಗಿ 3,500 ಸೈನಿಕರನ್ನು ಕರೆಸಿದರು. ನಿಮಗೆ ಸೈನ್ಯ ಬರುವುದಿಲ್ಲ. ಹೆಸರು, ಫೋಟೋ ಇರುವ ಪಟ್ಟಿ ಮೂರು ದಿನ ಮೊದಲು ಕೇಳಿ, ಹಾಜರಿ ನೋಡಿ ದುಡ್ಡು ಕೊಡಿ.

ವಾಕಿಟಾಕಿ ಹತ್ತಿದ್ದವು, ಚಾರ್ಜ್ ಇದ್ದದ್ದು ಆರಕ್ಕೆ. ‘ಕಂಟ್ರೋಲ್ ರೂಮ್’ ಎಂದರೆ ಒಂದು ವಾಟ್ಸ್‌ಆ್ಯಪ್ ಗುಂಪು. ಫೈನಲ್ ಹೊತ್ತಿಗೆ ಐದು ಸಾವಿರ ಜನ ವಿಡಿಯೊ ಕಳಿಸಲು ಕೂತಾಗ ನೆಟ್‌ವರ್ಕ್ ಸತ್ತಿತು, ಜೊತೆಗೆ ಕಂಟ್ರೋಲ್ ರೂಮೂ ಹೋಯಿತು. 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಲೈಸೆನ್ಸ್ ಬೇಡ. ಬೇರೆ ಫ್ರೀಕ್ವೆನ್ಸಿಯದ್ದಾದರೆ ಕಾಗದ ಕೇಳಿ. ಐಎನ್‌ಎಸ್ ಕದಂಬ ನೌಕಾನೆಲೆ ಇರುವ ಊರಿನಲ್ಲಿ ಸಿಕ್ಕ ಸಿಕ್ಕ ಸೆಟ್ಟು ಒತ್ತುವುದು ಹುಡುಗಾಟವಲ್ಲ. ಡ್ರೋನಿಗೂ ಅದೇ ಮಾತು. ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರಿ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ಜಾಗದ ಬಣ್ಣ ನೋಡದೆ ಹಾರಿಸಲು ಬಿಡಬೇಡಿ. ಈ ಪ್ಯಾಕೇಜಿನ ಡ್ರೋನ್ ಮದುವೆ ವಿಡಿಯೊದವರದ್ದು, ನೋಡಿದ್ದೆಲ್ಲ ವೇದಿಕೆಯನ್ನೇ. ಕ್ಯಾಮೆರಾಗಳೂ ಅಷ್ಟೆ: ಎಂಟರಲ್ಲಿ ಐದು ಅತಿಥಿಗಳ ಕಡೆ, ಗೇಟಿಗೆ ಒಂದು, ಅದರ ಕಣ್ಣಿಗೆ ಫ್ಲಡ್‌ಲೈಟ್ ನೇರ.

ಅಟ್ಲಾಂಟಾದಲ್ಲಿ 1996ರ ಜುಲೈ 27ರಂದು ಒಲಿಂಪಿಕ್ ಪಾರ್ಕಿನಲ್ಲಿ ಬಾಂಬ್ ಇದೆ ಎಂಬ ಎಚ್ಚರಿಕೆಯ ಕರೆ ಪೊಲೀಸರಿಗೆ ಬಂದಾಗ ಆ ಪಾರ್ಕಿನ ವಿಳಾಸವೇ ಅವರ ಕಂಪ್ಯೂಟರಿನಲ್ಲಿ ಸಿಗದೆ ನಿಮಿಷಗಳು ಕಳೆದುಹೋದವು. ಅಷ್ಟರಲ್ಲಿ ಒಬ್ಬ ಗಾರ್ಡ್ ವಾರಸುದಾರರಿಲ್ಲದ ಚೀಲ ಕಂಡು ಜನರನ್ನು ಸರಿಸಲು ಶುರುಮಾಡಿದ್ದರಿಂದ ಸಾವುನೋವು ಕಡಿಮೆಯಾಯಿತು. ಇಲ್ಲಿ ಗಾರ್ಡ್‌ಗಳಿಗೆ ‘112ಕ್ಕೆ ಫೋನ್ ಮಾಡಿದರೆ ಜಾಗ ಏನೆಂದು ಹೇಳುತ್ತೀರಿ’ ಎಂದು ಕೇಳಿದರೆ ನಾಲ್ವರು ನಾಲ್ಕು ಹೆಸರು ಹೇಳಿದರು. ಗೇಟುಗಳಿಗೆ ದೊಡ್ಡ ಅಂಕಿ ಬರೆದು, ಹತ್ತಿರದ ಗುರುತು ಸೇರಿಸಿ ಒಂದು ಸಾಲು ಬರೆದು, ಪ್ರತಿಯೊಬ್ಬರ ಜೇಬಿಗೆ ಹಾಕುವುದಕ್ಕೆ ಖರ್ಚು ಜೆರಾಕ್ಸಿನದ್ದು. ಆಂಬುಲೆನ್ಸ್ ಬಂದಿತ್ತು, ಮೂತಿ ಅಂಗಳದ ಕಡೆ, ಹಿಂದೆ ಬೈಕುಗಳ ರಾಶಿ. ದೊಡ್ಡ ಗಾಯವಾದರೆ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕಾದ ಜಿಲ್ಲೆಯಿದು. ಮೂತಿ ರಸ್ತೆಗೆ, ದಾರಿ ಖಾಲಿ, ಚಾಲಕ ಸೀಟಿನಲ್ಲಿ. ಇದರಲ್ಲಿ ರಾಜಿ ಬೇಡ.

ಯೋಜನೆ ಇಲ್ಲ ಎಂದೆವಲ್ಲ, ಇರಬೇಕಾದದ್ದು ಏನು? 1972ರ ಮ್ಯೂನಿಕ್ ಒಲಿಂಪಿಕ್ಸಿಗೆ ಮುಂಚೆ ಪೊಲೀಸ್ ಮನಶ್ಶಾಸ್ತ್ರಜ್ಞ ಗೆಯೊರ್ಗ್ ಸೀಬರ್ ಆಗಬಹುದಾದ 26 ಅನಾಹುತಗಳನ್ನು ಬರೆದುಕೊಟ್ಟಿದ್ದ. 21ನೆಯದು ಹೆಚ್ಚುಕಡಿಮೆ ಹಾಗೆಯೇ ನಡೆದು ಇಸ್ರೇಲಿ ತಂಡದ 11 ಮಂದಿ ಹತರಾದರು. ಆಮೇಲಿನ ಕ್ರೀಡಾಕೂಟಗಳಲ್ಲಿ ಪೊಲೀಸ್, ಅಗ್ನಿಶಾಮಕ, ಆಸ್ಪತ್ರೆ, ಸಂಘಟಕರು ಒಂದೇ ಮೇಜಿಗೆ ಕೂತು ‘ಹೀಗಾದರೆ ಯಾರು ಏನು ಮಾಡುವುದು’ ಎಂದು ಬಾಯಲ್ಲೇ ಆಡಿ ನೋಡುತ್ತಾರೆ. ಊರಿನ ಪಂದ್ಯಕ್ಕೆ 26 ಬೇಡ, ಐದು ಸಾಕು: ಕರೆಂಟು ಹೋದರೆ, ಗ್ಯಾಲರಿ ವಾಲಿದರೆ, ಗೇಟಿನಲ್ಲಿ ಒತ್ತಡವಾದರೆ, ವಾರಸುದಾರರಿಲ್ಲದ ಚೀಲ ಸಿಕ್ಕರೆ, ತೀರ್ಪಿನ ಮೇಲೆ ಜಗಳವಾದರೆ. ಪ್ರತಿಯೊಂದಕ್ಕೂ ಒಬ್ಬನ ಹೆಸರು. ಪಂದ್ಯ ನಿಲ್ಲಿಸುವ ಅಧಿಕಾರ ಯಾರದ್ದು ಎಂಬುದು ಎಲ್ಲಕ್ಕಿಂತ ಮೊದಲು ಬರೆಯಬೇಕಾದ ಸಾಲು. ಮೈಕು ಹಿಡಿದವನ ಪಕ್ಕದಲ್ಲೇ ಆ ಮನುಷ್ಯ ಕೂತಿರಬೇಕು. 2022ರ ಮೇ 28ರಂದು ಪ್ಯಾರಿಸಿನಲ್ಲಿ ಗೇಟುಗಳ ಹೊರಗೆ ಜನ ಸಿಕ್ಕಿಕೊಂಡಿದ್ದರಿಂದ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲನ್ನು 36 ನಿಮಿಷ ತಡವಾಗಿ ಶುರುಮಾಡಿದರು. ನಮ್ಮಲ್ಲಿ ಅರ್ಧ ತಾಸು ತಡ ಮಾಡಲು ಶಾಸಕರ ಮುಖ ನೋಡುತ್ತಾರೆ. ಸಂಸ್ಥೆ ಕೊಟ್ಟ ‘ಪ್ಲಾನ್’ ಒಂದು ಹಾಳೆ, ಅದರಲ್ಲಿ ಬೇರೆ ಊರಿನ ಮೈದಾನದ ಹೆಸರು ಅಳಿಸದೆ ಉಳಿದಿತ್ತು.

ಗ್ಯಾಲರಿ ಈ ಪ್ಯಾಕೇಜಿನಲ್ಲಿ ಬರುವುದಿಲ್ಲ, ಆದರೆ ‘ಅದು ನಮ್ಮ ಕೆಲಸವಲ್ಲ’ ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ. 2021ರ ಮಾರ್ಚಿನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿಗೆ ಕಟ್ಟಿದ ಗ್ಯಾಲರಿ ಕುಸಿದು ಬಹಳ ಮಂದಿ ಗಾಯಗೊಂಡರು. ಅಡಿಕೆ ದಬ್ಬೆ, ಗಾಳಿಮರದ ಕಂಬದ ಗ್ಯಾಲರಿಗೆ ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಸಹಿ ಬೇಕು, ಮೇಲೆ ಎಷ್ಟು ಜನ ಎಂದು ಎಣಿಸಿ ಬಿಡುವ ಗಾರ್ಡ್ ಬೇಕು.

ಶಿರಸಿ ಕಡೆಯವರಿಗೆ ಈ ಪ್ಯಾಕೇಜ್ ಅರ್ಧ ಸಾಕು. ನೆಲ ಗಟ್ಟಿ, ಭರತಿಯ ಕಾಟ ಇಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನರ ಸಾಲು ನಿಭಾಯಿಸಿದ ಪೊಲೀಸರು, ಸ್ವಯಂಸೇವಕರು ಊರಲ್ಲೇ ಇದ್ದಾರೆ. ಅವರಲ್ಲಿ ನಾಲ್ವರನ್ನು ಒಂದು ಸಂಜೆ ಚಹಾಕ್ಕೆ ಕರೆದು ಮೈದಾನ ತೋರಿಸಿದರೆ ಕರಪತ್ರದವರಿಗಿಂತ ಹೆಚ್ಚು ಹೇಳುತ್ತಾರೆ.

ಬಾಡಿಗೆಗೆ ತೆಗೆದುಕೊಳ್ಳಬಹುದಾದದ್ದು: ಬ್ಯಾರಿಕೇಡ್, ಕೈ ಡಿಟೆಕ್ಟರ್, ಗಾರ್ಡ್‌ಗಳು. ಬೌನ್ಸರ್, ಡ್ರೋನ್ ಬಿಟ್ಟುಬಿಡಿ, ಆ ದುಡ್ಡಿಗೆ ಹೆಣ್ಣು ಗಾರ್ಡ್‌ಗಳನ್ನೂ ಮೂರನೇ ಬಾಗಿಲನ್ನೂ ಕೇಳಿ. ಕೊಟೇಶನ್ ಬಿಡಿಬಿಡಿಯಾಗಿ ಬರೆಸಿ, ಶೇ 18 ಜಿಎಸ್‌ಟಿ ಒಳಗೋ ಹೊರಗೋ, ಪಾಳಿ 8 ಗಂಟೆಯದೋ 12ರದೋ ಎಂದು ಮೊದಲೇ ಕೇಳಿ. ರಾತ್ರಿ 2ಕ್ಕೆ ಫೈನಲ್ ಮುಗಿಯುವ ಊರಿನಲ್ಲಿ 8 ಗಂಟೆಯ ಪಾಳಿ ಬಹುಮಾನ ವಿತರಣೆಗೂ ಮುಂಚೆ ಮುಗಿದುಹೋಗುತ್ತದೆ. ಬ್ಯಾರಿಕೇಡ್ ವಾಪಸ್ ಕೊಡುವಾಗ ಬೆಳಕು ಹರಿದ ಮೇಲೆ ಎಣಿಸಿ ಸಹಿ ಹಾಕಿಸಿಕೊಳ್ಳಿ. ಇಲ್ಲಿ 80ರಲ್ಲಿ 77 ಸಿಕ್ಕವು, ಉಳಿದ ಮೂರು ಭರತಿಯ ಮರಳಿನಡಿಯಿಂದ ಮರುದಿನ ಎದ್ದು ಬಂದವು, ಅಷ್ಟರಲ್ಲಿ ಸಂಸ್ಥೆಯವರು ಠೇವಣಿಯಲ್ಲಿ ಹಣ ಮುರಿದುಕೊಂಡಾಗಿತ್ತು.